ಬಾಯಿ ಬಿಟ್ಟ ಚಿಪ್ಪು

ಮೊದಲು ತಿಳಿದದ್ದು ನನ್ನ ಮೂಗಿಗೆ.
ಥರ್ಮಾಮೀಟರು ಇನ್ನೂ ಮೂವತ್ತೇಳರಲ್ಲೇ ನಿಂತು
ಏನೂ ಇಲ್ಲ ಅನ್ನುತ್ತಿತ್ತು.
ಹನ್ನೊಂದನೆಯ ದಿನ, ತಾಲ್ಕವಾನೊ ಬಂದರಿನಲ್ಲಿ
ಕಡಲಸಿಂಹಗಳು ಮೀನಿನ ತಲೆಗೆ ಕಿತ್ತಾಡುವ ಹೊತ್ತು,
ಎಲ್ಯುತೇರಿಯೊ ಮಗ್ಗುಲಾದ. ಹಾಸಿದ ಬಟ್ಟೆಯ ಮೇಲೆ
ನಾಣ್ಯದಗಲ ಒದ್ದೆ,
ತೆಳು ಚಹಾದ ಬಣ್ಣ.

ಇಪ್ಪತ್ತೆರಡು ವರ್ಷ ಚಿಪ್ಪು ಬಿಡಿಸಿದ ಕೈ ನನ್ನದು.
ಚಾಕು ತಾಗುವ ಮೊದಲೇ
ತಾನಾಗಿ ಬಾಯಿ ಬಿಟ್ಟದ್ದನ್ನು
ಬುಟ್ಟಿಗೆ ಹಾಕುವುದಿಲ್ಲ ನಾವು.
ಅವನ ಬೆನ್ನಿನ ಹೊಲಿಗೆ, ಕೆಳಗಿನಿಂದ ಮೂರನೆಯದು,
ಅಕ್ಕಿಕಾಳಿನಷ್ಟು ಬಾಯಿ ಬಿಟ್ಟಿತ್ತು.

'ಬೆವರು ಕಣೇ' ಅಂದ.
ತನ್ನ ಬೆನ್ನು ತನಗೇ ಕಾಣದವನ ಧೈರ್ಯ!

ಆರು ತಿರುಪು, ಎರಡು ಸರಳು, ಟೈಟಾನಿಯಂ.
ಎಕ್ಸ್‌ರೇ ಹಿಡಿದು ಹಡಗುಕಟ್ಟೆಗೆಲ್ಲ ತೋರಿಸಿ ಬಂದಿದ್ದ:
ತುಕ್ಕು ಹಿಡಿಯದ ಲೋಹ ಕಣ್ರೋ,
ನಾನು ಮಣ್ಣಾದ ಮೇಲೂ ಇರುತ್ತೆ.

ಡಾಕ್ಟರ್ ಅಲ್ವಿಯಾಲ್ ಇನ್ನೂ ಎಳೆ ಹುಡುಗಿ.
ಬಿಲ್ಲಿನ ಹಿಂಬದಿಯಲ್ಲಿ ಪೆನ್ನಿನಿಂದ ಬರೆದು ತೋರಿಸಿದಳು:
ಕ್ರಿಮಿ ಲೋಹಕ್ಕೆ ಅಂಟಿಕೊಳ್ಳುತ್ತೆ, ಮೇಲೆ
ಲೋಳೆಯ ಹೊದಿಕೆ ನೇಯುತ್ತೆ,
ಒಳಗೆ ಕೂತದ್ದಕ್ಕೆ ಔಷಧಿ ಮುಟ್ಟೋದಿಲ್ಲ.

ಅವನಿಗೆ ನಗು. ಮಂಚದ ಸರಳು ಹಿಡಿದು, ನೋವಿನಲ್ಲೇ ನಕ್ಕ.
'ಮೂವತ್ತು ವರ್ಷ ಹಡಗಿನ ತಳ ಕೆರೆದವನಿಗೆ
ಲೋಳೆಯ ಪಾಠವೇನಮ್ಮ?
ಹೊಸ ಬಣ್ಣ ಬಳಿದು ನೀರಿಗಿಳಿಸಿ, ವಾರದೊಳಗೆ ಲೋಳೆ,
ಆಮೇಲೆ ಪಾಚಿ, ಆಮೇಲೆ ಚಿಪ್ಪಿನ ಸಂಸಾರ.
ಕೆರೆಯದೆ ಹೋಗೋದಿಲ್ಲ ಅದು.
ನಿನ್ನ ಹತ್ತಿರ ಉಳಿ ಇದೆಯಾ?'

'ಇದೆ' ಅಂದಳು.
ನಗು ಅಲ್ಲಿಗೆ ನಿಂತಿತು.

ತಿರುಪು ಕಿತ್ತುಬಿಡಿ, ಅಂದೆ ನಾನು.
ಮೂಳೆ ಇನ್ನೂ ಕೂಡಿಲ್ಲವಂತೆ.
ಕಳ್ಳ ಅಡಗಿರುವುದು ನಡುಗಂಬದಲ್ಲೇ,
ಕಂಬ ಕೀಳುವ ಹಾಗಿಲ್ಲ.

ಮತ್ತೆ ಸೀಳಿದರು. ಕೆರೆದರು.
ಒಂಬತ್ತು ಲೀಟರ್ ಉಪ್ಪುನೀರು ಹೊಯ್ದು ತೊಳೆದರಂತೆ, ನರ್ಸ್ ಹೇಳಿದಳು,
ಒಂಬತ್ತು ಲೀಟರ್! ಅಷ್ಟರಲ್ಲಿ ನಾನು
ಎರಡು ಬುಟ್ಟಿ ತೊಳೆದುಬಿಡುತ್ತೇನೆ.

ಆರು ವಾರ ರಕ್ತನಾಳಕ್ಕೆ ಹನಿ ಹನಿ ಔಷಧಿ.
ಆರು ವಾರ ನನ್ನದು ಒಂದೇ ಪ್ರಶ್ನೆ,
ಯಾರನ್ನೂ ಕೇಳಲಿಲ್ಲ:
ಐದನೆಯ ದಿನ ಪಟ್ಟಿ ಬದಲಿಸಿದ್ದು ನಾನು.
ನಿಂಬೆ ತಿಕ್ಕಿ, ಸೋಪು ಹಚ್ಚಿ, ಮೂರು ಸಲ ತೊಳೆದಿದ್ದೆ.
ಮೂರೋ? ಎರಡೋ?

ಡಾಕ್ಟರಿಗೆ ಮುಖ ಓದಲು ಬರುತ್ತಿತ್ತೇನೋ.
'ಆ ಕ್ರಿಮಿ ಅವರ ಚರ್ಮದ ಮೇಲೇ ಇರೋದು,
ನಿಮ್ಮ ಮದುವೆಗಿಂತ ಮುಂಚಿನಿಂದ' ಅಂದಳು.
ನಂಬಿದೆ. ಹಗಲಿನಲ್ಲಿ.

ಈಗ ಹೊಲಿಗೆ ಕೂಡಿದೆ, ನಸುಗೆಂಪು ಗೆರೆ.
ರಾತ್ರಿ ದೀಪ ಆರಿಸುವ ಮೊದಲು
ಅಂಗಿ ಎತ್ತಿ ಬೆನ್ನು ತಿರುಗಿಸುತ್ತಾನೆ.
ಬಾಗುತ್ತೇನೆ. ಸೋಪು, ಪ್ಲಾಸ್ಟರಿನ ಅಂಟು,
ಅವನ ಹಳೆಯ ಕಬ್ಬಿಣದ ವಾಸನೆ.
'ಏನು?'
'ಏನಿಲ್ಲ' ಅನ್ನುತ್ತೇನೆ,
ಇನ್ನೊಮ್ಮೆ ಮೂಸುತ್ತೇನೆ.