ಸಿಂಕಿಗೆ ಕಾಲು

ಫಾರೋದ ಈ ದ್ವೀಪದಲ್ಲಿ ಮರ ಬೆಳೆಯುವುದಿಲ್ಲ.
ಹುಲ್ಲು, ಕುರಿ, ಗಾಳಿ, ಇಷ್ಟೇ ಬೆಳೆ.
ಮರ ಬೇಕೆಂದರೆ ಒಂದೋ ಹಡಗು ತರಬೇಕು,
ಇಲ್ಲ, ಕಡಲೇ ಮನಸ್ಸು ಮಾಡಬೇಕು.

ಕಡಲು ಮನಸ್ಸು ಮಾಡಿದ್ದೊಂದು ಲಾರ್ಚ್ ದಿಮ್ಮಿ
ಆರು ವರ್ಷದಿಂದ ನನ್ನ ಅಟ್ಟದಲ್ಲಿ ಒಣಗುತ್ತಿತ್ತು,
ಸೈಬೀರಿಯದ ಯಾವ ನದಿ ಕೈಬಿಟ್ಟಿದ್ದೋ.
ದೋಣಿಗೆಂದು ಎತ್ತಿಟ್ಟಿದ್ದೆ.
ಸುನ್ವಾ ಬಂದು
'ಸಿಂಕಿಗೆ ಕಾಲು ಬೇಕು' ಅಂದಳು.

ಮೀನಿನ ಕಾರ್ಖಾನೆ ಮುಚ್ಚಿದಾಗ ಹರಾಜಿನಲ್ಲಿ
ಮೂರು ಕಾಸಿಗೆ ಸಿಕ್ಕ ಸಿಂಕು ಅದು.
ಆರಡಿ ಉದ್ದದ ಉಕ್ಕು, ಅಂಚಿನ ತುಂಬ
ಚೂರಿ ಒರೆಸಿ ಒರೆಸಿ ಬಿದ್ದ ಗೀರು.
ಅದರ ಮುಂದೆ ನಿಂತು ಅವಳ ತಾಯಿ ಹನ್ಸೀನಾ
ಮೂವತ್ತೊಂದು ವರ್ಷ ಕಾಡ್ ಮೀನು ಸೀಳಿದ್ದಳು.
ಇನ್ನು ಅದರಲ್ಲಿ ಕುಂಚ ತೊಳೆಯುವುದಂತೆ.

ನಾನು ದೋಣಿ ಕಟ್ಟುವವನು. ನೇರ ಮೂಲೆ ನನಗೆ ಒಗ್ಗದು.
ದೋಣಿಯಲ್ಲಿ ಯಾವುದೂ ಯಾವುದಕ್ಕೂ ಲಂಬವಲ್ಲ,
ಎಲ್ಲ ಒಂದಿಷ್ಟು ಬಾಗಿ
ಒಂದನ್ನೊಂದು ಸಹಿಸಿಕೊಂಡಿರುತ್ತವೆ.
ಇಲ್ಲಿ ನಾಲ್ಕು ಕಾಲು, ಎಂಟು ಅಡ್ಡಪಟ್ಟಿ;
ಮೂಲೆಮಟ್ಟ ಹಿಡಿದರೆ ಸಂದಿಯಲ್ಲಿ ಬೆಳಕು ನುಸುಳಬಾರದು.
ಸಾಲದ್ದಕ್ಕೆ ಸ್ಟುಡಿಯೋದ ನೆಲ (ಹಳೆಯ ಉಣ್ಣೆ ಗೋದಾಮು)
ಕಡಲ ಕಡೆಗೆ ಎರಡು ಬೆರಳು ಇಳಿಜಾರು.
ರಸಮಟ್ಟ ಇಟ್ಟೆ. ಗುಳ್ಳೆ ಓಡಿಹೋಗಿ
ಬೈಸಿಕೊಂಡ ಮಗುವಿನ ಹಾಗೆ ಮೂಲೆ ಸೇರಿತು.

'ಎತ್ತರ ಎಷ್ಟು?'
'ತೊಂಬತ್ತು ಸೆಂಟಿಮೀಟರ್. ಎಲ್ಲರ ಮನೆಯಲ್ಲಿ ಇರುವ ಹಾಗೆ.'
ಕಿಟಕಿ ಪಕ್ಕ ಸ್ವೆಟರ್ ಹೆಣೆಯುತ್ತಿದ್ದ ಹನ್ಸೀನಾ
ತಲೆ ಎತ್ತದೆ ಹೇಳಿದಳು:
'ಕಾರ್ಖಾನೆಯಲ್ಲಿ ಎಪ್ಪತ್ತೆಂಟು ಇತ್ತು.
ಕಟ್ಟಿದವನು ಗೋಡೆ ಅಳೆದಿದ್ದ, ನಮ್ಮನ್ನಲ್ಲ.'
ಸೂಜಿ ನಿಲ್ಲಲಿಲ್ಲ.

ಬರೆದುಕೊಂಡ ಲೆಕ್ಕದ ಚೀಟಿ ಹರಿದೆ.
ಇಬ್ಬರನ್ನೂ ಗೋಡೆಗೆ ಒರಗಿ ನಿಲ್ಲಿಸಿ
ಮೊಣಕೈ ಮಡಿಸಿ ಅಂದೆ, ಪೆನ್ಸಿಲ್ಲಿನಿಂದ ಗೆರೆ ಎಳೆದೆ.
ಮಗಳ ಗೆರೆಗಿಂತ ತಾಯಿಯದು ಒಂದು ಗೇಣು ಕೆಳಗೆ.
ಹುಟ್ಟಿದ ಎತ್ತರ ಎಷ್ಟು, ಬಗ್ಗಿ ಕಳೆದದ್ದು ಎಷ್ಟು,
ಗೋಡೆಗೇನು ಗೊತ್ತು.
ಗರಗಸ ಹಿಡಿದು ಸುಮ್ಮನೆ ನಿಂತೆ.

'ಅವಳ ಗೆರೆಗೇ ಕೊಯ್ಯಿ,' ಅಂದಳು ಹನ್ಸೀನಾ.
'ಉಳಿದ ತುಂಡಿನಲ್ಲಿ ನನಗೊಂದು ಮಣೆ ಮಾಡು.
ಅದಕ್ಕೆ ಬಗ್ಗಿದ್ದು ಸಾಕು,
ಇನ್ನು ಹತ್ತಿ ನಿಲ್ಲುತ್ತೇನೆ.'

ಕೊಯ್ದೆ. ಅಷ್ಟು ವರ್ಷ ಒಣಗಿದರೂ ಒಳಗೆ ಉಪ್ಪು,
ಗರಗಸದ ಹಲ್ಲಿಗೆ ಅಂಟು, ಮೂಗಿಗೆ ರಾಳ.
ನೆಲ ಇಳಿಜಾರಾದ್ದರಿಂದ ನಾಲ್ಕು ಕಾಲಿಗೆ ನಾಲ್ಕು ಅಳತೆ,
ಮೇಲೆ ಮಾತ್ರ ಒಂದೇ ಮಟ್ಟ.
ಹಚ್ಚು ಕೊರೆದು ಕೂರಿಸಿದೆ, ಅಗಸೆ ಎಣ್ಣೆ ಕುಡಿಸಿದೆ,
ಬಣ್ಣದ ಗಸಿ ಕಡಲಿಗಿಳಿಯದಂತೆ ಕೆಳಗೊಂದು ಬಕೆಟ್ಟು.
ಮೂರು ಜನ ಹೊತ್ತು ಸಿಂಕು ಇಟ್ಟೆವು.

ಉಕ್ಕಿನ ತೂಕ ಲೆಕ್ಕ ಹಾಕಿದ್ದೆ, ನೀರಿನದು ಮರೆತಿದ್ದೆ.
ತುಂಬುತ್ತ ಬಂದಂತೆ ಮರ ಒಮ್ಮೆ ಕಿರ್ರೆಂದಿತು.
ಆ ಸದ್ದು ನನಗೆ ಗೊತ್ತು:
ಹೊಸ ದೋಣಿ ಮೊದಲ ಸಲ ನೀರಿಗಿಳಿದಾಗಿನದು.
ಇಲ್ಲಿ ನೀರೇ ಮರವನ್ನೇರಿತ್ತು. ಆಮೇಲೆ ಸುಮ್ಮನಾಯಿತು.

ಹನ್ಸೀನಾ ಮಣೆ ಹತ್ತಿದಳು,
ಮಗಳ ದಪ್ಪ ಕುಂಚವೊಂದನ್ನು ನಲ್ಲಿಗೆ ಹಿಡಿದಳು.
ಕೆಂಪು ಬಿಟ್ಟುಕೊಂಡಿತು, ನೀರಿಗೆ ಹಬ್ಬಿತು.
ಅವಳು ತಟ್ಟನೆ ಕೈ ಹಿಂದೆಗೆದು
ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿಕೊಂಡಳು,
ಹತ್ತನ್ನೂ.