ಒಂಟಿ ಸೀನು

ಬೀಳಗಿಯ ಸೊಸೈಟಿಗೆ ಆ ದಿನ ರಜೆ.
ಎರವಲು ದುರ್ಬೀನು, ಎಣಿಕೆಯ ಒಂದು ಫಾರ್ಮು,
ಚೀಲದಲ್ಲಿ ಕಟಕ ರೊಟ್ಟಿ, ಗುರೆಳ್ಳು ಹಿಂಡಿ.
ಯಡಹಳ್ಳಿ ಅಡವಿಯ ಬಾಯಲ್ಲಿ ಬಂದಗಿಸಾಬ ನಿಂತಿದ್ದ,
ಕಾಲಲ್ಲಿ ಟೈರಿನ ಚಪ್ಪಲಿ, ಕೈಯಲ್ಲಿ ಏನೂ ಇಲ್ಲ.
"ಅಡವಿ ಅಂತ ಬಂದ್ರೇನ್ರಿ ಅಕ್ಕಾರ?
ಇಲ್ಲಿ ನಿಮ್ಮ ತಲಿಗಿಂತ ಎತ್ತರ ಇರೂದು ಬಿಸಲೊಂದೇ."

ನಿಜ. ಮೊಣಕಾಲಿಗೆ ಬಾರಿ, ಸೊಂಟಕ್ಕೆ ಕಾರೆ,
ನಡುನಡುವೆ ತಂಗಡಿಯ ಹಳದಿ,
ಗರಸಿನ ಮೇಲೆ ಒಣಗಿ ನಿಂತ ಹುಲ್ಲು
ಸೀರೆಯಂಚಿಗೆ ಊಬಿನ ಹೊಲಿಗೆ ಹಾಕುತ್ತ.
ಮರವಿಲ್ಲದ ಕಾಡಿಗೆ ಕಣ್ಣು ಒಗ್ಗಲು ಹೊತ್ತು ಬೇಕು.
ಮೊದಲು ಏನೂ ಇಲ್ಲ ಅನಿಸುತ್ತದೆ.
ಆಮೇಲೆ ಒಂದು ಕಲ್ಲು ಎದ್ದು
ಗೌಜಲಹಕ್ಕಿಯಾಗಿ ಓಡುತ್ತದೆ.

ಅವನು ನೆಲ ನೋಡಿ ನಡೆಯುವವ, ನಾನು ಫಾರ್ಮು ನೋಡಿ.
ಒಂದು ಬಟಾಬಯಲಲ್ಲಿ ಕುಕ್ಕರಗಾಲಲ್ಲಿ ಕೂತು ತೋರಿಸಿದ:
ಕಾಳಿನಂಥ ಹಿಕ್ಕೆ, ಗುಪ್ಪೆ ಗುಪ್ಪೆ,
ಹಳೆಯದು ಬೂದಿ ಬಣ್ಣ, ಹೊಸದು ಎಣ್ಣೆ ಸವರಿದ ಹಾಗೆ.
"ಚಿಂಕಾರದ್ದು. ದಿನಾ ಇಲ್ಲೇ ಬರ್ತಾವ, ಇದೇ ಜಾಗಾಕ್ಕ.
ನಾನೂ ದಿನಾ ಆಫೀಸಿಗೆ ಹೋಗಿ ಹೆಬ್ಬಟ್ಟ ಒತ್ತತೀನಿ.
ಅದರ ಮಸ್ಟರ್ ಇಲ್ಲೈತಿ, ನಂದು ಅಲ್ಲೈತಿ.
ಪಗಾರ ಮಾತ್ರ ನನಗೊಬ್ಬಗ ತಡಾ."

ದಿನ್ನೆ ಏರಿದೊಡನೆ ದೂರದಲ್ಲಿ ನೀರು,
ಇದ್ದಕ್ಕಿದ್ದಂತೆ, ಬಯಲಿಗೆ ಬಯಲಾಗಿ
ಮಲಗಿದ ಕೃಷ್ಣೆಯ ಹಿನ್ನೀರು.
ಇಷ್ಟು ನೀರು ಮುಂದಿಟ್ಟುಕೊಂಡು
ಚಿಂಕಾರ ಕುಡಿಯಲು ಹೋಗುವುದಿಲ್ಲವೆ, ಕೇಳಿದೆ.
"ಹೋದ್ರ ಹೋಗ್ತಾವ, ಇಲ್ಲಂದ್ರ ಇಲ್ಲ.
ಹುಲ್ಲಿನ ಮ್ಯಾಲಿನ ಇಬ್ಬನಿ, ನಾಕು ಬಾರಿಹಣ್ಣ,
ಅಷ್ಟರಾಗ ಅದರ ದಿನಾ ಮುಗೀತೈತಿ."
ನಮ್ಮನೆಯ ಆರು ಕೊಡ, ಮಾಳಿಗೆಯ ಸಿಂಟೆಕ್ಸು,
ನಲ್ಲಿಯ ಬಾಯಿಗೆ ಕಟ್ಟಿದ ಹಳೆಯ ಬನಿಯನ್ನು
ನೆನಪಾದವು. ಹೇಳಲಿಲ್ಲ.

ಎರಡು ತಾಸು ನಡೆದು ದಂಡೆಗಿಳಿದರೆ ಎರೆಮಣ್ಣು
ಚಪ್ಪಲಿ ಕೇಳುವುದಿಲ್ಲ, ಕಸಿದುಕೊಳ್ಳುತ್ತದೆ.
ಬರಿಗಾಲಲ್ಲಿ ನಿಂತು ಎಣಿಸಿದೆ:
ಹಿಮಾಲಯವನ್ನು ಹೊಸ್ತಿಲಿನಂತೆ ದಾಟಿ ಬಂದ
ಪಟ್ಟೆತಲೆಯ ಹೆಬ್ಬಾತುಗಳು
ಯಾರದೋ ಕಡಲೆ ಹೊಲದಲ್ಲಿ ಬೈಸಿಕೊಂಡು ಎದ್ದು
ಈಗ ನೀರಿನ ಮೇಲೆ, ಏನೂ ಆಗಿಲ್ಲದವರಂತೆ.
ಆಚೆ ರಾಜಹಂಸಗಳು, ತಲೆ ಕೆಳಗೆ ಮಾಡಿ
ತಮ್ಮದೇ ನೆರಳನ್ನು ಸೋಸುತ್ತ.
ನೂರಾ ಏಳು, ನೂರಾ ಎಂಟು... ಒಂದು ಎದ್ದಿತು,
ಎಲ್ಲ ಎದ್ದವು. ಮತ್ತೆ ಒಂದರಿಂದ.
"ನೂರಾ ಚಿಲ್ಲರ ಅಂತ ಬರೀರಿ ಅಕ್ಕಾರ,
ಹಕ್ಕಿಗೂ ಬಡ್ಡಿ ಹಚ್ಚತೀರೇನು?"

ತಿರುಗಿ ಬರುವಾಗ ಸಂಜೆ.
ಬಾರಿಯ ನೆರಳು ಬಾರಿಗಿಂತ ದೊಡ್ಡದಾಗಿತ್ತು.
ಬೆನ್ನ ಹಿಂದೆ, ಬಹಳ ಹತ್ತಿರ,
ಯಾರೋ ಸೀನಿದರು.
ಒಂದೇ ಸಲ.

ಒಂಟಿ ಸೀನಿಗೆ ನಿಲ್ಲಬೇಕು.
ಹೊರಟವರನ್ನು ಅವ್ವ ಕಟ್ಟೆಯ ಮೇಲೆ ಕೂಡಿಸಿ
ಒಂದು ಗುಟುಕು ನೀರು ಕುಡಿಸಿ ಕಳಿಸುತ್ತಿದ್ದಳು.
ನಿಂತೆ. ಅವನೂ ನಿಂತ.
"ಅದೇ ರೀ," ಅಂದ, ತುಟಿಯಷ್ಟೇ ಅಲುಗಿಸಿ,
"ಅಂಜಿದ್ರ ಸೀನತೈತಿ."

ಈ ಸಲ ಅಪಶಕುನ ನಾನು.

ದುರ್ಬೀನು ಎತ್ತಲಿಲ್ಲ.
ಹುಲ್ಲು ಅಲುಗಿತು, ಇಲ್ಲ ಗಾಳಿಯೇ ಇರಬೇಕು.
ಬಾಟಲಿಯ ತಳದಲ್ಲಿದ್ದ ನೀರು
ಅವನಿಗೊಂದು ಗುಟುಕು, ನನಗೊಂದು ಗುಟುಕು,
ತಿರುಗಿ ನೋಡದೆ ಹೊರಟೆವು.

ಗೇಟಿನ ಬಲ್ಬಿನ ಕೆಳಗೆ ಫಾರ್ಮು ಬಿಚ್ಚಿದೆ.
ಚಿಂಕಾರದ ಮುಂದೆ ಒಂದೇ ಕಾಲಂ: ಕಂಡದ್ದು ಎಷ್ಟು.
ಕೇಳಿಸಿದ್ದಕ್ಕೆ ಜಾಗವಿಲ್ಲ.
ಸೊನ್ನೆ ಬರೆದೆ.
ಓದು ಬಾರದ ಬಂದಗಿಸಾಬ ಬಗ್ಗಿ ನೋಡಿದ,
ಖುಷಿಯಾದ.
"ಬರೋಬ್ಬರಿ ಬರದೀರಿ ನೋಡ್ರಿ," ಅಂದ,
"ಹಿಕ್ಕಿ ಹಂಗೇ ಬಂದೈತಿ."