ಎಣಿಕೆ

ಬಂಗಾರಪೇಟೆ ರೈಲ್ವೆ ಗೇಟಿನ ಪಕ್ಕ
ಪಿಳ್ಳಮುನಿಯಪ್ಪನ ಅಂಗಡಿ:
ಹಗಲು ಪಾತ್ರೆಗೆ ಕಲಾಯಿ, ಸಂಜೆಗೆ ಹೆಂಡ.
ತಿದಿ ಒತ್ತುತ್ತಿದ್ದವನು ನಾನು.
ನವಸಾಗರದ ಘಾಟಿಗೆ ಕೆಮ್ಮಿದರೆ
'ಇದೂ ಒಂದು ಹೊಗೇನೇನೋ' ಅನ್ನುತ್ತಿದ್ದ.
ಎಪ್ಪತ್ತೊಂದರ ಮಾತು ಅಲ್ಲಿಗೇ ಮುಗಿಯಿತು.

ಬಲಗಿವಿ ಸತ್ತಿತ್ತು.
ಸಾಲ ಕೇಳುವವರು ಆ ಕಡೆಯೇ ನಿಂತು ಕೇಳಿ,
ಹೂಂ ಅಂದನೆಂದುಕೊಂಡು ಕುಡಿದರು.

ಬಾಗಿಲು ಹಾಕುವ ಮುಂಚೆ ತಲೆ ಎಣಿಸುವನು.
ಒಬ್ಬ ಕಡಿಮೆಯಾದರೂ ಲಾಟೀನು ಹಿಡಿದು
ಹಳಿಗುಂಟ ನಡೆದು
ಬಿದ್ದವನನ್ನು ಹೆಗಲ ಮೇಲೆ ಹೊತ್ತು ತರುವನು.
ಯಾರನ್ನು ಎಲ್ಲಿ ಬಿಟ್ಟು ಬಂದಿದ್ದನೋ,
ನಾವು ಕೇಳಲಿಲ್ಲ.

ನಿನ್ನೆ ಮಣ್ಣು ಮಾಡಿ ಬಂದೆವು.
ಅಂಗಡಿ ಮುಂದೆ ಬೀಗ ಹಿಡಿದು ಎಣಿಸಿದೆ:
ಹನ್ನೊಂದು.
ಮತ್ತೆ ಎಣಿಸಿದೆ.
ಲಾಟೀನಿನಲ್ಲಿ
ಅವನೇ ತುಂಬಿಸಿಟ್ಟ ಎಣ್ಣೆ.